ತೊಟ್ಟಿಗೆ ಹಾಕಿದ ಮರಳು

"ತಿಳಿಯದೆ ಮಾಡಿದ ತಪ್ಪನ್ನು, ಅದರಿಂದ ನೊಂದವರೇ ಕ್ಷಮಿಸಿದ ಮೇಲೆ, ಅದು ಅಲ್ಲಿಗೆ ತೀರಿತಲ್ಲವೇ?" ಎಂದು ಮರಿದೇವ ಗುರುಗಳನ್ನು ಕೇಳಿದ.

ಮರಿದೇವ ಆಶ್ರಮದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ. ಅಡುಗೆ ಮಾಡುವ ಮುದುಕ ಮೂರು ದಿನದಿಂದ ಎಡಗೈ ಜೋಮು ಹಿಡಿಯುತ್ತಿದೆ ಎನ್ನುತ್ತಿದ್ದ. ಎಣ್ಣೆ ಹಚ್ಚಿಕೊಂಡು ಮಲಗು, ಸರಿಹೋಗುತ್ತದೆ ಎಂದು ಮರಿದೇವ ಹೇಳಿದ್ದ. ನಾಲ್ಕನೆಯ ದಿನ ಲಕ್ವ ಹೊಡೆದು ಮುದುಕನ ಎಡಭಾಗವೇ ಬಿದ್ದುಹೋಯಿತು. ನಿನ್ನೆ ಆಸ್ಪತ್ರೆಯಲ್ಲಿ ಅವನು ಬಲಗೈಯನ್ನು ಮರಿದೇವನ ತಲೆಯ ಮೇಲಿಟ್ಟು, "ಬಿಡಪ್ಪ, ನಿನಗೇನು ಗೊತ್ತಿತ್ತು" ಎಂದಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಹೆಂಡತಿ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಇನ್ನು ಏಳುವುದಿಲ್ಲ ಎಂದು ವೈದ್ಯರು ಹೇಳಿದರು. ಅವಳು ಮಾತು ಕಡಿಮೆ ಮಾಡಿದಳು. ಆಮೇಲೆ ಊಟ ಕಡಿಮೆ ಮಾಡಿದಳು. ದರ್ಜಿ ಏನೇನೋ ಮಾಡಿ ನೋಡಿದ. ಕೊನೆಗೆ ಒಂದು ದಿನ ಗಾಜಿನ ತೊಟ್ಟಿಯನ್ನೂ ಎಂಟು ಮೀಸೆಯ ಮೀನುಗಳನ್ನೂ ತಂದು ಅವಳ ಮಂಚದ ಎದುರಿಗೆ ಇಟ್ಟ.

ಆ ಮೀನುಗಳು ತಳದಲ್ಲೇ ಓಡಾಡುವ ಜಾತಿ. ಮೀಸೆಯಿಂದ ನೆಲ ತಡವುತ್ತ, ಗುಂಪಾಗಿ ಅತ್ತಿಂದಿತ್ತ ತಿರುಗುತ್ತಿದ್ದವು. ಅವುಗಳನ್ನು ನೋಡುತ್ತ ಅವಳು ಎರಡು ತುತ್ತು ಹೆಚ್ಚಿಗೆ ಉಂಡಳು. ಮರುದಿನ ಮತ್ತೂ ಉಂಡಳು. ಒಂದು ತಿಂಗಳಲ್ಲಿ, ಯಾವ ಮೀನು ಪುಕ್ಕಲು, ಯಾವುದು ಹೊಟ್ಟೆಬಾಕ ಎಂದು ಗಂಡನಿಗೆ ಹೇಳುವಷ್ಟಾದಳು.

ಒಂದು ದಿನ ಅವಳೇ ಕಂಡುಹಿಡಿದಳು. "ತಳದ ಕಲ್ಲು ಒರಟು. ಅವುಗಳ ಮೀಸೆ ಸವೆಯುತ್ತಿದೆ" ಎಂದಳು.

ದರ್ಜಿ ಮೀನಿನ ಅಂಗಡಿಗೆ ಹೋದ. ಅಂಗಡಿಯವನು ಹೇಳಿದ: "ಈ ಮೀನಿಗೆ ಮರಳೇ ಸರಿ. ಆದರೆ ನೀರು ಸೋಸಿ ಗಾಳಿಯಾಡಿಸುವ ಫಿಲ್ಟರಿನೊಳಗೆ ಮರಳು ಹೋಗಬಾರದು. ಬಸಿದ ನೀರು ತಿಳಿಯಾಗುವ ತನಕ ತೊಳೆಯಿರಿ. ಹಾಕುವಾಗ ಫಿಲ್ಟರ್ ನಿಲ್ಲಿಸಿ. ರಾಡಿ ಪೂರ್ತಿ ಕೂತ ಮೇಲೆ ನಡೆಸಿ. ನೀರೆಳೆಯುವ ಕೊಳವೆಯ ಬಾಯಿ ಮರಳಿಗಿಂತ ಒಂದು ಗೇಣು ಮೇಲಿರಲಿ, ಅದಕ್ಕೆ ಸ್ಪಂಜು ಕಟ್ಟಿ."

"ಇನ್ನೇನಾದರೂ ಉಂಟೇ?" ಎಂದು ದರ್ಜಿ ಕೇಳಿದ.

"ಕಲ್ಲಿನ ಹಾಗೆ ಮರಳು ಕಸವನ್ನು ಒಳಗೆ ಇಳಿಸಿಕೊಳ್ಳುವುದಿಲ್ಲ. ಅದು ಮೇಲೆಯೇ ಕಾಣುತ್ತದೆ. ನೀರು ಬದಲಿಸುವಾಗ ಬೇರೆ ಒಂದು ನಳಿಕೆಯಿಂದ ಎಳೆದು ತೆಗೆಯಿರಿ. ಅವಸರ ಬೇಡ."

ದರ್ಜಿ ಹೇಳಿದಂತೆ ಮಾಡಿದ. ಹದಿನಾಲ್ಕು ಬಾರಿ ಮರಳು ತೊಳೆದ. ಬೊಗಸೆ ಬೊಗಸೆಯಾಗಿ ಹಾಕಿ, ಒಂದು ಹಗಲು ಕಾದ. ಮೀನುಗಳು ಮರಳಿಗೆ ಮೂತಿ ಹುದುಗಿಸಿ, ಕಿವಿರಿನಿಂದ ಉದುರಿಸುತ್ತ ಆಡತೊಡಗಿದವು. ಹೆಂಡತಿ ನಕ್ಕಳು. ಅವಳು ಬಿದ್ದ ಮೇಲೆ ದರ್ಜಿ ಆ ನಗು ಕಂಡದ್ದು ಅಂದೇ.

ವಾರ ಕಳೆಯಿತು. ಬಿಳಿಯ ಮರಳಿನ ಮೇಲೆ ಕಸ ಕಪ್ಪಗೆ ಕಾಣತೊಡಗಿತು. ಮಲಗಿದವಳಿಗೆ ನೋಡಲು ಬೇರೆ ಏನೂ ಇರಲಿಲ್ಲ. ಅವಳ ಕಣ್ಣು ಆ ಕಸದ ಮೇಲೆಯೇ ಇರುವುದನ್ನು ದರ್ಜಿ ಕಂಡ. ಅದು ಹಬ್ಬದ ಹೊಲಿಗೆಯ ಕಾಲ. ನಳಿಕೆ ಹಿಡಿದು ಕೂರಲು ಅವನಿಗೆ ಪುರಸೊತ್ತಿರಲಿಲ್ಲ. ಫಿಲ್ಟರೇ ಕಸ ಎಳೆದುಕೊಳ್ಳಲಿ ಎಂದು ಸ್ಪಂಜು ಬಿಚ್ಚಿದ. ಕೊಳವೆಯನ್ನು ಮರಳು ಮುಟ್ಟುವಷ್ಟು ಕೆಳಗಿಳಿಸಿದ. ಸಂಜೆಯೊಳಗೆ ಕಸ ಮಾಯವಾಯಿತು.

"ಎಷ್ಟು ಚೆನ್ನಾಗಿದೆ" ಎಂದಳು ಹೆಂಡತಿ.

ಎರಡು ದಿನ ಬಿಟ್ಟು ಫಿಲ್ಟರಿನಿಂದ ಕರಕರ ಸದ್ದು ಬಂತು. ಅವಳಿಗೆ ಮಧ್ಯಾಹ್ನದ ನಿದ್ದೆ ಕೆಟ್ಟಿತು. ದರ್ಜಿ ತೊಟ್ಟಿಯ ಹಿಂದೆ ನೇತುಹಾಕಿದ್ದ ಫಿಲ್ಟರಿಗೆ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸುತ್ತಿದ. ಅಳತೆ ಸರಿಯಾಗಿತ್ತು. ಸದ್ದು ತಗ್ಗಿತು. ಇನ್ನೂ ಮೂರು ದಿನಕ್ಕೆ ಪೂರ್ತಿ ನಿಂತಿತು. ಬಟ್ಟೆ ಸುತ್ತಿದ್ದು ಒಳ್ಳೆಯದಾಯಿತು ಎಂದುಕೊಂಡ.

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಸೆಕೆಯಿತ್ತು. ಎಂಟು ಮೀನುಗಳೂ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು.

"ಇವು ತಳ ಬಿಟ್ಟು ಹೀಗೆ ಮೇಲೆ ನಿಲ್ಲುವುದಿಲ್ಲ. ಏನೋ ಆಗಿದೆ, ನೋಡಿ" ಎಂದಳು.

"ಹಸಿವಾಗಿರಬೇಕು" ಎಂದು ದರ್ಜಿ ಎರಡು ಚಿಟಿಕೆ ಆಹಾರ ಹಾಕಿದ. ಮೀನುಗಳು ತಿನ್ನಲಿಲ್ಲ. ಆಹಾರ ಮೆಲ್ಲಗೆ ಮರಳಿಗೆ ಇಳಿಯಿತು.

"ಒಂದು ಸಲ ಆ ಬಟ್ಟೆ ತೆಗೆದು ನೋಡಿ."

"ಬಂದು ನೋಡುತ್ತೇನೆ. ಪಕ್ಕದೂರಿನವರು ಬಟ್ಟೆಗೆ ಕಾಯುತ್ತಿದ್ದಾರೆ."

ಅವನು ಗಂಟು ಹೊತ್ತು ಹೋದ. ಪಕ್ಕದೂರಿನಲ್ಲಿ ಒಂದು ರವಿಕೆಯ ಅಳತೆ ತಪ್ಪಿ, ಅಲ್ಲಿಯೇ ಕೂತು ಬಿಚ್ಚಿ ಹೊಲಿಯಬೇಕಾಯಿತು. ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು.

ಮೀನುಗಳು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು. ಹೆಂಡತಿಯ ಗಂಟಲು ಕಟ್ಟಿಹೋಗಿತ್ತು. ಅವಳು ಕೂಗಿದ್ದಳು. ಪಕ್ಕದ ಮನೆಯವರು ಇರಲಿಲ್ಲ. ಮಂಚದಿಂದ ತೊಟ್ಟಿಗೆ ನಾಲ್ಕು ಹೆಜ್ಜೆ. ಮೊದಲು ಪುಕ್ಕಲು ಮೀನು ಹೋಯಿತು, ಕೊನೆಯದು ಹೋಗಿ ಈಗಷ್ಟೇ ಆಯಿತು ಎಂದು ಅವಳು ಪಿಸುದನಿಯಲ್ಲಿ ಹೇಳಿದಳು.

ದರ್ಜಿ ಬಟ್ಟೆ ಬಿಚ್ಚಿದ. ಫಿಲ್ಟರಿನೊಳಗೆ ಒಂದು ಹಿಡಿ ಮರಳು ಗಟ್ಟಿಯಾಗಿ ಕೂತಿತ್ತು. ನೀರೆಳೆಯುವ ಪುಟ್ಟ ಚಕ್ರ ಸವೆದು ಮುರಿದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವನು ನೆಲದ ಮೇಲೆ ಕೂತ.

"ನೀವು ನನಗೋಸ್ಕರವೇ ಮಾಡಿದಿರಿ. ನನಗೆ ನಿಮ್ಮ ಮೇಲೆ ಏನೂ ಇಲ್ಲ" ಎಂದಳು ಅವಳು. ಅದು ಸುಳ್ಳಾಗಿರಲಿಲ್ಲ.

ಅವನು ಹೊಸ ಫಿಲ್ಟರ್ ತಂದ. ಕೊಳವೆಯನ್ನು ಗೇಣು ಮೇಲಿಟ್ಟ, ಸ್ಪಂಜು ಕಟ್ಟಿದ, ದಿನ ಬಿಟ್ಟು ದಿನ ನಳಿಕೆಯಿಂದ ಕಸ ತೆಗೆದ. ಹೊಸ ಮೀನು ಬಿಟ್ಟ. ಅವು ಚೆನ್ನಾಗಿಯೇ ಬದುಕಿದವು. ಒಂದು ದಿನ ಹೆಂಡತಿ, ಮಂಚವನ್ನು ಗೋಡೆಯ ಕಡೆಗೆ ತಿರುಗಿಸಿ ಎಂದು ಕೇಳಿಕೊಂಡಳು. ಅವನು ತಿರುಗಿಸಿದ. ಅಂದಿನಿಂದ ಅವಳ ಊಟ ಮತ್ತೆ ಇಳಿಯಿತು. ಮಳೆ ಹಿಡಿಯುವ ಹೊತ್ತಿಗೆ ಅವಳು ತೀರಿಕೊಂಡಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

 ನಿನ್ನೆಯಿಂದ ಮರಿದೇವ ಹಿಡಿದುಕೊಂಡಿದ್ದದ್ದು ಮುದುಕನ ಕ್ಷಮೆಯೊಂದನ್ನೇ. ಅದನ್ನು ಬಿಡಲು ಅವನಿಗೆ ಆಗಲಿಲ್ಲ.

"ಆದರೆ ಅವಳು ಮನಸಾರೆ ಕ್ಷಮಿಸಿದ್ದಳಲ್ಲ, ಗುರುಗಳೇ?" ಎಂದ.

"ಹೌದು ಮರಿದೇವ, ಕ್ಷಮೆ ಅವನ ಪಾಲಿಗೆ ಬಂತು, ಮೀನುಗಳು ಸಾಯುವುದನ್ನು ನೋಡುತ್ತ ಕಳೆದ ಆ ಹಗಲು ಅವಳ ಪಾಲಿಗೇ ಉಳಿಯಿತು" ಎಂದರು ಗುರುಗಳು.