ಸೇತುವೆ ದಾಟದ ಭಾನುವಾರಗಳು

ತಿಪಟೂರಿನಲ್ಲಿ ಚಂದ್ರಮೌಳಿ ಎಂಬ ಫೋಟೋ ಸ್ಟುಡಿಯೋದವನಿದ್ದ. ಕೆಲಸದಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ. ಸತಾಯಿಸುವುದರಲ್ಲೂ ಇರಲಿಲ್ಲ. ಅವನು ತೆಗೆದ ಮದುವೆಯ ಆಲ್ಬಮ್ ಮನೆ ಸೇರುವಷ್ಟರಲ್ಲಿ ಹುಡುಗಿಗೆ ಸೀಮಂತವಾಗಿರುತ್ತಿತ್ತು. ಕೇಳಲು ಹೋದವರಿಗೆಲ್ಲ ಒಂದೇ ಉತ್ತರ: "ಇನ್ನೊಂಚೂರು ತಿದ್ದೋದಿದೆ, ಮುಗಿಸಿ ಕೊಟ್ಬಿಡ್ತೀನಿ."

ಹುಡುಗಿಯ ಅಪ್ಪ ಅಂಗಡಿಗೆ ಬಂದು ಕೂಗಾಡುತ್ತಿದ್ದ. ಆಮೇಲೆ ಆಲ್ಬಮ್ ಕೈಗೆ ಬಂದಾಗ ಮೊದಲ ಪುಟಕ್ಕೇ ತಣ್ಣಗಾಗಿ, "ಹೋಗ್ಲಿ ಬಿಡಪ್ಪ, ಚೆನ್ನಾಗಿ ಬಂದಿದೆ" ಎನ್ನುತ್ತಿದ್ದ. ಪ್ರತಿ ಸಲವೂ ಹೀಗೇ ಪಾರಾಗಿ, ಕೆಲಸ ಚೆನ್ನಾಗಿದ್ದರೆ ತಡವಾದದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಎಂದು ಮೌಳಿ ನಂಬಿಬಿಟ್ಟ. ಊರಿನವರ ಒಳ್ಳೆಯತನವೇ ಅವನನ್ನು ಕೆಡಿಸಿತು ಎನ್ನಬೇಕು.

ಅವನಿಗೊಬ್ಬ ಜೀವದ ಗೆಳೆಯನಿದ್ದ, ಯೋಗಾನಂದ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಯೋಗಿಗೆ ಚಿಕ್ಕಂದಿನಿಂದಲೂ ಕತ್ತಲಾದರೆ ಕಣ್ಣು ಕಾಣುತ್ತಿರಲಿಲ್ಲ. ಹುಡುಗರಾಗಿದ್ದಾಗ ಆಟ ಮುಗಿಸಿ ಮನೆಗೆ ಬರುವಾಗ ಅವನು ಮೌಳಿಯ ಹೆಗಲು ಹಿಡಿದುಕೊಂಡೇ ಬರುತ್ತಿದ್ದ. ದೊಡ್ಡವನಾದ ಮೇಲೆ ಹಗಲಿನ ನೋಟವೂ ಅಂಚಿನಿಂದ ಒಳಕ್ಕೆ ಸವೆಯುತ್ತ ಬಂತು. ಈಗ ಕೊಳವೆಯೊಳಗಿಂದ ಇಣುಕಿದಷ್ಟು ಮಾತ್ರ ಉಳಿದಿತ್ತು. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಉಳಿದದ್ದು ಎಷ್ಟು ದಿನ ಇರುತ್ತದೆ ಎಂದು ಕೇಳಿದರೆ, ನಿಧಾನವಾಗಿಯೂ ಹೋಗಬಹುದು, ಬೇಗನೆಯೂ ಹೋಗಬಹುದು ಎಂದರು. ಯೋಗಿ ಅದನ್ನು ಮನೆಯವರಿಗೂ ಮೌಳಿಗೂ ಹೇಳಿ, ಎಂದಿನಂತೆ ಶಾಲೆಗೆ ಹೋಗುತ್ತಿದ್ದ.

ಆ ವರ್ಷ ಯುಗಾದಿ ಕಳೆದ ಮೇಲೆ ಮೌಳಿ ಒಂದು ವಿಆರ್ ಹೆಡ್‌ಸೆಟ್ ಕೊಂಡ. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ತಲೆ ತಿರುಗಿಸಿದ ಕಡೆಯೆಲ್ಲ ಬೇರೆಯೇ ಲೋಕ ಕಾಣುತ್ತದೆ. ಜೊತೆಗೊಂದು ಆಟವನ್ನೂ ತರಿಸಿದ. ಅದರಲ್ಲಿ ಕೋಟೆಗಳು, ಮಾಟಗಾತಿಯರು, ರಾಕ್ಷಸರು, ಹಿಮದ ಬೆಟ್ಟಗಳು ಇದ್ದವು. ಆಡುವವನು ಅಲ್ಲಿ ಕತ್ತಿ ಹಿಡಿದ ಅಲೆಮಾರಿ. ಒಂದು ಭಾನುವಾರ ಯೋಗಿಯನ್ನು ಸ್ಟುಡಿಯೋದ ಹಿಂದಿನ ಕೋಣೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಅದನ್ನು ಅವನ ತಲೆಗೆ ಕಟ್ಟಿದ.

ಆಟ ಶುರುವಾಗುವುದು ಒಂದು ಕಲ್ಲಿನ ಸೇತುವೆಯ ಮೇಲೆ, ರಾತ್ರಿಯ ಹೊತ್ತು. ಯೋಗಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ.

"ಮೌಳಿ, ಇದು ರಾತ್ರಿಯೇನೋ?"

"ಹೌದು ಕಣೋ."

"ರಾತ್ರಿ ನಂಗೆ ಕಾಣ್ತಿದೆಯಲ್ಲೋ."

ಪರದೆ ಕಣ್ಣಿಗೆ ಅಷ್ಟು ಹತ್ತಿರ, ಅಷ್ಟು ಪ್ರಕಾಶವಾಗಿದ್ದದ್ದರಿಂದ ಅವನಿಗೆ ಕಾಣುತ್ತಿತ್ತು. ಯೋಗಿ ಕತ್ತೆತ್ತಿದ. ಬುದ್ಧಿ ಬಂದಾಗಿನಿಂದ ಅವನು ನಕ್ಷತ್ರ ನೋಡಿರಲಿಲ್ಲ. ಈಗ ಆ ಸಣ್ಣ ಕಿಂಡಿಯಷ್ಟು ನೋಟವನ್ನೇ ಆಕಾಶದ ಮೂಲೆಯಿಂದ ಮೂಲೆಗೆ ಒಯ್ಯುತ್ತ, ಬಾಯಿ ತೆರೆದುಕೊಂಡು ಕೂತ. ಆಮೇಲೆ ಕತ್ತು ಇಳಿಸಿ ಮುಂದೆ ನೋಡಿದ. ಸೇತುವೆಯಾಚೆ ಒಂದು ದಾರಿ ಎರಡು ಬೆಟ್ಟಗಳ ನಡುವಿನ ಕಣಿವೆಗೆ ಹತ್ತಿಹೋಗುತ್ತಿತ್ತು.

"ಆ ಕಣಿವೆ ಆಚೆ ಏನಿದ್ಯೋ? ಹೋಗಣ ನಡಿ. ಅಲ್ಲಿ ನಿಂತು ಒಂದ್ಸಲ ನೋಡ್ಬೇಕು."

ಮೌಳಿಯ ಕಣ್ಣು ಪಕ್ಕದ ಕಂಪ್ಯೂಟರಿನ ಮೇಲಿತ್ತು. ಯೋಗಿಗೆ ಕಾಣುತ್ತಿದ್ದದ್ದೆಲ್ಲ ಅಲ್ಲೂ ಮೂಡುತ್ತಿತ್ತು. ಮರದ ಎಲೆಗಳು ಕಾಗದ ಕತ್ತರಿಸಿ ಅಂಟಿಸಿದಂತಿದ್ದವು. ನದಿಯ ನೀರಿಗೆ ಜೀವವಿರಲಿಲ್ಲ. ನೆಂಟರ ಮುಂದೆ ಮಾಸಿದ ಚಾದರ ಹಾಸಿದವನ ಹಾಗೆ ಅವನಿಗೆ ನಾಚಿಕೆಯಾಯಿತು.

"ಇದು ಬೋಳು ಆಟ ಕಣೋ. ಕಂಪನಿ ಕೊಟ್ಟಿದ್ದು ಹಾಗೇ ಇದೆ. ಸ್ವಲ್ಪ ತಾಳು, ಒಳ್ಳೇ ಮಾಡ್ ಪ್ಯಾಕ್ ಹಾಕಿ ತೋರಿಸ್ತೀನಿ."

"ನಂಗೆ ಇದೇ ಚೆನ್ನಾಗಿದೆ."

"ನಿಂಗೇನು ಗೊತ್ತೋ, ಇದನ್ನ ನೋಡಿ ಏನು ಮಾಡ್ತೀಯ?" ಎಂದು ಮೌಳಿ ತಾನೇ ಕೈಯಾರೆ ಅವನ ಕಣ್ಣಿಂದ ಅದನ್ನು ಬಿಚ್ಚಿದ.

ಮಾಡ್ ಎಂದರೆ ಆಟವನ್ನು ಚಂದಗಾಣಿಸಲು ಅದರ ಅಭಿಮಾನಿಗಳೇ ಕೂತು ಮಾಡಿದ ಬದಲಾವಣೆ. ಒಬ್ಬ ಮರಗಳನ್ನು ತಿದ್ದುತ್ತಾನೆ, ಇನ್ನೊಬ್ಬ ಮೋಡಗಳನ್ನು. ಅಂಥವನ್ನೆಲ್ಲ ಒಂದೇ ಗಂಟು ಕಟ್ಟಿ ಕೊಟ್ಟರೆ ಅದು ಮಾಡ್ ಪ್ಯಾಕ್. ಇಂಟರ್‌ನೆಟ್ಟಿನಲ್ಲಿ ಅವು ರಾಶಿ ಬಿದ್ದಿವೆ. ತಿದ್ದುವ ಚಟವಿದ್ದ ಮೌಳಿಗೆ ಅದು ಹಬ್ಬದೂಟವಾಯಿತು.

ಮೊದಲು ಹಾಕಿದ ಪ್ಯಾಕಿನಲ್ಲಿ ಎಲೆಗಳು ಕೈಗೆ ಸಿಗುವಂತಿದ್ದವು. ಆದರೆ ಅದರ ಭಾರಕ್ಕೆ ಕಂಪ್ಯೂಟರ್ ಏದುಸಿರು ಬಿಟ್ಟಿತು. ತಲೆ ತಿರುಗಿಸಿದರೆ ಚಿತ್ರ ಹಿಂದಿನಿಂದ ಕುಂಟುತ್ತ ಬರುತ್ತಿತ್ತು. ಯೋಗಿಗೆ ತಲೆಸುತ್ತು ಬಂದು ನಿಂಬೆ ಷರಬತ್ತು ಕುಡಿಸಬೇಕಾಯಿತು. ಮುಂದಿನ ಪ್ಯಾಕಿನಲ್ಲಿ ನೀರು ಸೊಗಸಾಗಿ ಹರಿಯುತ್ತಿತ್ತು, ಸೇತುವೆ ಮಾತ್ರ ನೆಲ ಬಿಟ್ಟು ಗಾಳಿಯಲ್ಲಿ ನಿಂತಿತ್ತು. ಮಳೆಯ ದೃಶ್ಯಕ್ಕೆ ಹೆಸರಾದ ಇನ್ನೊಂದು ಪ್ಯಾಕನ್ನು ತಂದ. ಅದು ಎಲ್ಲ ರೀತಿಯಲ್ಲೂ ಸರಿಯಿತ್ತು. ಆದರೂ ಚಂದ್ರನಲ್ಲಿ ಒಂದಿಷ್ಟು ನೀಲಿ ಹೆಚ್ಚಾಗಿದೆ ಎಂದು ಮೌಳಿಗೆ ಅನ್ನಿಸಿತು.

"ಚಂದ್ರ ಚೆನ್ನಾಗೇ ಇದಾನೆ ಕಣೋ. ನಡಿ ಹೋಗಣ," ಎಂದ ಯೋಗಿ.

"ಇಲ್ಲ ಇಲ್ಲ, ಬಣ್ಣ ಸರಿಯಿಲ್ಲ. ಇನ್ನೊಂಚೂರು ತಾಳು."

ಪ್ಯಾಕ್ ಬದಲಾಯಿಸಿದರೆ ಹಳೆಯ ಆಟ ಮುಂದುವರಿಯುವುದಿಲ್ಲ, ಮತ್ತೆ ಮೊದಲಿಂದ ಶುರು. ಹಾಗಾಗಿ ಎಷ್ಟು ಭಾನುವಾರ ಬಂದರೂ ಯೋಗಿ ನಿಲ್ಲುತ್ತಿದ್ದದ್ದು ಅದೇ ಸೇತುವೆಯ ಮೇಲೆ. "ಇಲ್ಲಿಯ ಒಂದೊಂದು ಕಲ್ಲೂ ನನ್ನ ಗುರುತು ಹಿಡಿಯುತ್ತೆ ಕಣೋ ಈಗ," ಎಂದು ನಗುತ್ತಿದ್ದ. ಅವನು ಕೋಪಿಸಿಕೊಂಡಿದ್ದರೂ ಚೆನ್ನಾಗಿತ್ತು. ಆದರೆ ಗೆಳೆಯ ತನಗಾಗಿ ಇಷ್ಟೆಲ್ಲ ಒದ್ದಾಡುತ್ತಿದ್ದಾನಲ್ಲ ಎಂದು ಸುಮ್ಮನಾಗುತ್ತಿದ್ದ.

ಶ್ರಾವಣದಲ್ಲಿ ಯೋಗಿಯ ಹೆಂಡತಿ ಶೈಲಜಾ ಸ್ಟುಡಿಯೋಗೆ ಬಂದಳು. ಯಾರೂ ಗಿರಾಕಿಗಳಿಲ್ಲದ್ದನ್ನು ನೋಡಿಕೊಂಡು ಹತ್ತಿರ ಬಂದು ಹೇಳಿದಳು:

"ಮೌಳಿಯಣ್ಣ, ಈಚೀಚೆಗೆ ತಟ್ಟೇಲಿ ಪಲ್ಯ ಎಲ್ಲಿದೆ ಅಂತ ಕೈಯಲ್ಲಿ ತಡಕ್ತಾರೆ. ನಂಗೆ ಗೊತ್ತಾಗ್ಬಾರ್ದು ಅಂತ ನಿಧಾನಕ್ಕೆ ತಡಕ್ತಾರೆ. ನಿಮ್ಮ ಆಟದಲ್ಲಿ ಅದ್ಯಾವುದೋ ಕಣಿವೆ ನೋಡ್ಬೇಕು ಅಂತಿರ್ತಾರಲ್ಲ, ಅದೊಂದು ಹೇಗಿದ್ರೂ ಸರಿ, ಬೇಗ ತೋರಿಸ್ಬಿಡಿ."

ಮೌಳಿ ಹಿಂದಿನ ಕೋಣೆಯತ್ತ ನೋಡಿದ. ಮಳೆಯ ಪ್ಯಾಕ್ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇತ್ತು. ಆವತ್ತೇ ಯೋಗಿಯನ್ನು ಕರೆಸಿ ಕೂರಿಸಬಹುದಿತ್ತು. ಆದರೆ ಹಿಂದಿನ ದಿನವಷ್ಟೇ ಅವನು ಹೊಸದೊಂದು ಪ್ಯಾಕ್ ಬರಲಿದೆ ಎಂದು ಓದಿದ್ದ. ಅದರ ರಾತ್ರಿಯ ಆಕಾಶಕ್ಕೆ ಸಾಟಿಯೇ ಇಲ್ಲವಂತೆ. ಯೋಗಿ ನೋಡುವುದು ಅದೊಂದೇ ಸಲವಾದರೆ, ನೋಡುವುದು ಎಲ್ಲಕ್ಕಿಂತ ಒಳ್ಳೆಯದೇ ಆಗಿರಲಿ ಎಂದು ಮೌಳಿ ಯೋಚಿಸಿದ. ಅದು ತನ್ನ ಪ್ರೀತಿ ಎಂದೇ ಅವನು ತಿಳಿದಿದ್ದ. ನಿಜಕ್ಕೂ ಪ್ರೀತಿಯೇ ಅದು, ಅದರಲ್ಲಿ ಮೋಸವಿರಲಿಲ್ಲ.

"ಗೌರಿ ಹಬ್ಬ ಕಳೀಲಮ್ಮ. ಇನ್ನೂ ಒಳ್ಳೇದೊಂದು ಬರ್ತಾ ಇದೆ. ಬಂದ ತಕ್ಷಣ ಕರೆಸ್ತೀನಿ," ಎಂದ.

ಶೈಲಜಾ ಹೊರಟುಹೋದಳು.

ಗೌರಿ ಹಬ್ಬ ಕಳೆಯಿತು, ದಸರಾ ಕಳೆಯಿತು. ಆ ಪ್ಯಾಕ್ ಮಾಡುತ್ತಿದ್ದವರೂ ಮೌಳಿಯಂಥವರೇ ಇರಬೇಕು, ಇನ್ನೊಂಚೂರು ಇನ್ನೊಂಚೂರು ಎನ್ನುತ್ತಲೇ ಹೋದರು. ದೀಪಾವಳಿಯ ಹತ್ತಿರ ಅದು ಬಂತು. ಮೌಳಿ ಅದನ್ನು ಹಾಕಿ, ಹೆಡ್‌ಸೆಟ್ಟನ್ನು ತಾನೇ ಕಟ್ಟಿಕೊಂಡು, ಸೇತುವೆಯ ಮೇಲೆ ನಿಂತು ನೋಡಿದ. ಎಲೆ, ನೀರು, ಚಂದ್ರ ಯಾವುದರಲ್ಲೂ ಕುಂದಿಲ್ಲ. ಆಕಾಶದ ತುಂಬ ಅಕ್ಕಿ ಚೆಲ್ಲಿದಂತೆ ನಕ್ಷತ್ರಗಳು. ಮೊದಲ ಬಾರಿಗೆ ಅವನಿಗೆ ತಿದ್ದಲು ಏನೂ ಉಳಿದಿರಲಿಲ್ಲ. ಸಂತೋಷದಿಂದ ಸ್ಕೂಟರ್ ಹತ್ತಿ ಗೆಳೆಯನ ಮನೆಗೆ ಓಡಿದ.

ನಡುಹಗಲಲ್ಲೇ ಯೋಗಿ ಅವನ ಹೆಗಲು ಹಿಡಿದುಕೊಂಡು ಸ್ಟುಡಿಯೋದೊಳಕ್ಕೆ ಬಂದ. ಆಗಲೇ ಮೌಳಿಗೆ ಹೊಳೆಯಬೇಕಿತ್ತು. ಅವನು ಸಂಭ್ರಮದಲ್ಲಿದ್ದ. ಕುರ್ಚಿಯಲ್ಲಿ ಕೂರಿಸಿ, ಹೆಡ್‌ಸೆಟ್ ಕಟ್ಟಿ, ಪಕ್ಕದಲ್ಲಿ ನಿಂತು ಕಾದ.

"ಹಾಕಿದ್ದೀಯೇನೋ?" ಯೋಗಿ ಕೇಳಿದ.

"ಹಾಕಿದ್ದೀನಲ್ಲೋ."

ಯೋಗಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದ. "ಬೆಳ್ಳಗೆ ಹೊಗೆ ಥರ ಏನೋ ಇದೆ. ಅಷ್ಟೇ ಕಣೋ. ಹದಿನೈದು ದಿನದಿಂದ ಎಲ್ಲಾ ಹೀಗೇ ಇದೆ. ಇದರಲ್ಲಾದ್ರೂ ಕಂಡೀತು ಅಂದ್ಕೊಂಡೆ."

ಕಂಪ್ಯೂಟರಿನಲ್ಲಿ ಆ ಆಕಾಶ ಬೆಳಗುತ್ತಲೇ ಇತ್ತು. ಯೋಗಿ ತಾನೇ ಪಟ್ಟಿ ಸಡಿಲಿಸಿ, ಹೆಡ್‌ಸೆಟ್ಟನ್ನು ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡ.

"ತಪ್ಪಾಯ್ತು ಕಣೋ ಯೋಗಿ," ಎಂದ ಮೌಳಿ.

"ಮೊದಲನೇ ದಿನವೇ ಚೆನ್ನಾಗಿದೆ ಅಂತ ನಿಂಗೆ ಹೇಳಿದ್ದೆ," ಎಂದ ಯೋಗಿ. ಅದರಲ್ಲಿ ಕೋಪವಿರಲಿಲ್ಲ. ಆದರೆ ಪರವಾಗಿಲ್ಲ ಬಿಡು ಎಂದು ಅವನು ಹೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಮೌಳಿಗೆ ಆ ಮಾತು ಸಿಗಲಿಲ್ಲ.

ಎದುರಿನ ಹೋಟೆಲಿನಿಂದ ತರಿಸಿದ ಕಾಫಿಯನ್ನು ಮಾಣಿ ಮೇಜಿನ ಮೇಲಿಟ್ಟು ಹೋದ. ಇಬ್ಬರೂ ಅದನ್ನು ಮುಟ್ಟಲಿಲ್ಲ.

"ನೀನು ಕಟ್ಕೋ," ಎಂದ ಯೋಗಿ ಕಡೆಗೆ. "ಅಲ್ಲಿಗೆ ಹೋಗು. ನೋಡ್ತಾ ನೋಡ್ತಾ ನಂಗೆ ಹೇಳು."

ಮೌಳಿ ಕಟ್ಟಿಕೊಂಡ. ಸೇತುವೆಯ ವಿವರವನ್ನು ಪಟಪಟನೆ ಹೇಳಿದ. ಕಲ್ಲಿನ ಸಂದಿಯ ಪಾಚಿಯನ್ನೂ ಬಿಡಲಿಲ್ಲ.

"ಸೇತುವೆ ನಂಗೂ ಗೊತ್ತು. ಮುಂದೆ ಹೋಗು."

ಮೌಳಿ ಸೇತುವೆ ದಾಟಿದ. ಇಷ್ಟು ತಿಂಗಳಲ್ಲಿ ಅವನೂ ಅದನ್ನು ದಾಟಿರಲಿಲ್ಲ. ಹಾಕಿದ ಪ್ಯಾಕುಗಳನ್ನೆಲ್ಲ ಅವನು ಅಲ್ಲೇ ನಿಂತು ಪರೀಕ್ಷೆ ಮಾಡಿ ಕಿತ್ತುಹಾಕಿದ್ದ. ಮುಂದಿನ ದಾರಿ ಅವನಿಗೆ ಹೊಸದು. ರಾಕ್ಷಸ ಬರಬಹುದು, ತೋಳ ಬರಬಹುದು ಎಂದು ಕತ್ತಿ ಹಿಡಿದು ಹೆದರುತ್ತ ನಡೆದ. ಯಾರೂ ಅಡ್ಡ ಬರಲಿಲ್ಲ. ಒಂದು ತಿರುವು, ಒಂದು ಸಣ್ಣ ಏರು, ಅಷ್ಟೇ. ಕಣಿವೆಯ ಬಾಯಿಗೆ ಬಂದು ನಿಂತ.

ಕೆಳಗೆ ಕಣ್ಣು ಹಾಯುವಷ್ಟೂ ಒಂದು ಕೆರೆ ಮಲಗಿತ್ತು. ಗಾಳಿಯೇ ಇರಲಿಲ್ಲ. ಮೇಲಿನ ನಕ್ಷತ್ರಗಳೆಲ್ಲ ಕೆಳಗೂ ಇದ್ದವು.

"ಬಂದ್ಯೇನೋ? ಹೇಗಿದೆ?"

ಹೇಳಬೇಕೆಂದು ಮೌಳಿ ಬಾಯಿ ತೆರೆದ. ಎಲೆಯ ಅಂಚು, ನೀರಿನ ಹೊಳಪು, ಚಂದ್ರನ ಬಣ್ಣ ಎಂದು ತಿಂಗಳುಗಟ್ಟಲೆ ವಾದಿಸಿದ ನಾಲಿಗೆಗೆ ಒಂದೇ ಒಂದು ಪದ ಸಿಕ್ಕಿತು. "ಚೆನ್ನಾಗಿದೆ ಕಣೋ." ಕಣ್ಣೀರಿಗೆ ಗಾಜು ಮಂಜಾಗಿ ಅವನಿಗೂ ಏನೂ ಕಾಣದಂತಾಯಿತು.

ಮೌಳಿ ಇನ್ನಷ್ಟು ಹೇಳುತ್ತಾನೇನೋ ಎಂದು ಯೋಗಿ ಕಾದ. ಆಮೇಲೆ ಯೋಗಿ ಮೇಜಿನ ಮೇಲೆ ಕೈಯಾಡಿಸಿ, ಮೆಲ್ಲಗೆ ಕಾಫಿಯ ಲೋಟ ಹುಡುಕಿ ಎತ್ತಿಕೊಂಡು ಒಂದು ಗುಟುಕು ಕುಡಿದ.

"ಇಷ್ಟೇ ದೂರಾನೇನೋ ಅದು?" ಎಂದ. "ಕಾಫಿ ಇನ್ನೂ ಬಿಸಿ ಇದೆ."

ನೀತಿ: ನಿಮ್ಮವರಿಗೆ ಕೊಡಬೇಕಾದದ್ದನ್ನು, ತೋರಿಸಬೇಕಾದದ್ದನ್ನು ಅದು ಹೇಗಿದೆಯೋ ಹಾಗೆಯೇ ಇವತ್ತೇ ಕೊಡಿ, ಇವತ್ತೇ ತೋರಿಸಿ. ಇನ್ನಷ್ಟು ಚಂದ ಮಾಡಿ ಕೊಡೋಣ ಎಂದು ಕೂತರೆ ವಸ್ತು ಚಂದವಾಗುತ್ತದೆ, ಆದರೆ ಅಷ್ಟರಲ್ಲಿ ತೆಗೆದುಕೊಳ್ಳುವವರ ಕಾಲ ಕಳೆದುಹೋಗಿರುತ್ತದೆ.