ಗಿರಣಿಯ ಸದ್ದನ್ನು ಸೋಸಿದವನು

"ಗುರುಗಳೇ, ನಿಜವಾದ ಧ್ವನಿಯೊಂದಕ್ಕೆ ಕೈ ಹಾಕುವ ಯೋಗ್ಯತೆ ನನಗೆ ಯಾವಾಗ ಬರುತ್ತದೆ?"

ಕೇಳಿದವನು ಶಂಭುಲಿಂಗ. ಧ್ವನಿಯನ್ನು ಅಂಕಿಗಳನ್ನಾಗಿ ಮಾಡಿ, ಪ್ರೋಗ್ರಾಂ ಬರೆದು ಆ ಅಂಕಿಗಳನ್ನು ತಿದ್ದುವ ವಿದ್ಯೆಯನ್ನು ಅವನು ಪುಸ್ತಕಗಳಿಂದ ಕಲಿಯುತ್ತಿದ್ದ. ತಿಳಿಯದ್ದು ಬಂದಾಗ ಗುರುಗಳ ಬಳಿ ಬಂದು ಕೂರುತ್ತಿದ್ದ. ಎರಡು ಪುಸ್ತಕ ಮುಗಿದಿದ್ದವು. ಅವೆರಡಕ್ಕಿಂತ ದಪ್ಪನೆಯ ಮೂರನೆಯದು ಈಗ ಅವನ ತೊಡೆಯ ಮೇಲಿತ್ತು.

"ಪುಸ್ತಕದಲ್ಲಿ ಕೊಟ್ಟದ್ದೆಲ್ಲ ಸರಿಯಾಗಿ ಬರುತ್ತದೆ. ಗ್ರಾಫ್ ಕೂಡ ಅಲ್ಲಿದ್ದ ಹಾಗೆಯೇ ಬರುತ್ತದೆ. ಆದರೂ ಹೊರಗಿನ ಧ್ವನಿ ಎಂದರೆ, ಮನೆಯಲ್ಲಿ ಇಟ್ಟುಕೊಂಡಿರುವ ಒಂದು ಹಳೆಯ ರೆಕಾರ್ಡಿಂಗ್ ಎಂದರೂ, ಕೈ ಹಿಂದೆ ಸರಿಯುತ್ತದೆ. ಇದೊಂದು ಪುಸ್ತಕ ಮುಗಿಯಲಿ, ಆಮೇಲೆ ನೋಡೋಣ ಅನ್ನಿಸುತ್ತದೆ."

ಗುರುಗಳು ಪುಸ್ತಕದ ದಪ್ಪ ನೋಡಿ ನಕ್ಕರು. "ಇದನ್ನು ಮುಗಿಸುವ ಹೊತ್ತಿಗೆ ನಾಲ್ಕನೆಯದು ಅಚ್ಚಾಗಿ ಬಂದಿರುತ್ತದೆ, ಚಿಂತೆ ಮಾಡಬೇಡ. ಒಂದು ಕತೆ ಹೇಳುತ್ತೇನೆ, ಕೇಳು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಗಿರಣಿಯವನಿದ್ದ. ಜೋಳ, ಗೋಧಿ ಬೀಸಿಕೊಡುವುದು ಅವನ ಕೆಲಸ. ಅವನ ಹೆಂಡತಿಯೂ ಗಿರಣಿಯಲ್ಲೇ ಇರುತ್ತಿದ್ದಳು. ತಾಯಿಯಿಂದ ಕಲಿತ, ಬೀಸುವಾಗ ಹಾಡುವ ಪದಗಳು ಅವಳಿಗೆ ಬಾಯಿಪಾಠವಾಗಿದ್ದವು. ಬೀಸುಕಲ್ಲು ಮೂಲೆ ಸೇರಿ ಎಷ್ಟೋ ಕಾಲವಾಗಿತ್ತು. ಅವಳು ಮೋಟಾರಿನ ಮುಂದೆ ನಿಂತು ಬೀಸುಕಲ್ಲಿನ ಹಾಡು ಹಾಡುತ್ತಿದ್ದಳು. ಅಷ್ಟು ಗದ್ದಲದಲ್ಲಿ ಹಿಟ್ಟಿಗೆ ಬಂದವರಿಗೆ ಏನೂ ಕೇಳುತ್ತಿರಲಿಲ್ಲ. ಗಂಡನಿಗೆ ಮಾತ್ರ ಕೇಳುತ್ತಿತ್ತು.

ಒಮ್ಮೆ ಅವಳ ತಮ್ಮ ಹೊಸದಾಗಿ ಕೊಂಡ ಟೇಪ್ ರೆಕಾರ್ಡರ್ ತಂದು, ಹಾಡಕ್ಕಾ ಎಂದು ಹಟ ಹಿಡಿದ. ಗಿರಣಿ ನಡೆಯುತ್ತಿತ್ತು. ಕಲ್ಲಿನ ನಡುವೆ ಕಾಳು ಇರುವಾಗ ಗಿರಣಿ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಕಲ್ಲು ಹಿಡಿದುಕೊಂಡು ಮತ್ತೆ ತಿರುಗುವುದಿಲ್ಲ. ಅವಳು ಗಿರಣಿಯ ಜೊತೆಗೇ ಹಾಡಿದಳು. ಕ್ಯಾಸೆಟ್ಟಿನ ಒಂದು ಬದಿ ತುಂಬಿತು. ಆ ವರ್ಷವೇ ಅವಳು ಜ್ವರ ಬಂದು ತೀರಿಕೊಂಡಳು. ಇದ್ದೊಬ್ಬ ಮಗಳಿಗೆ ತಾಯಿಯ ಮುಖ ನೆನಪಿನಲ್ಲಿ ಉಳಿಯುವಷ್ಟೂ ವಯಸ್ಸಾಗಿರಲಿಲ್ಲ.

ಕರ್ಮಾಂತರವೆಲ್ಲ ಮುಗಿದು ಬಂದವರು ಹೋದ ಮೇಲೆ ಗಿರಣಿಯವನು ಕ್ಯಾಸೆಟ್ ಹಾಕಿದ. ಮೋಟಾರಿನ ಅಬ್ಬರ ಕೇಳಿತು. ಅದರೊಳಗೆಲ್ಲೋ ಅವಳ ದನಿ ಕೇಳಿತು. ಅವನಿಂದ ತಡೆದುಕೊಳ್ಳಲಾಗಲಿಲ್ಲ. ಮೊದಲ ಸಾಲು ಮುಗಿಯುವ ಮುಂಚೆಯೇ ನಿಲ್ಲಿಸಿಬಿಟ್ಟ. ಗದ್ದಲ ಬಹಳ ಇದೆ, ಹೀಗೆ ಕೇಳಲಾಗದು ಎಂದು ತನಗೆ ತಾನೇ ಹೇಳಿಕೊಂಡ. ನಿಜವೇನೆಂದರೆ ಅವನಿಗೆ ಕೇಳುವ ಧೈರ್ಯವಿರಲಿಲ್ಲ. ಗದ್ದಲದ ನೆಪ ಸುಲಭವಾಗಿ ಸಿಕ್ಕಿತು. ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ.

ಮಗಳು ಶಾಲೆಗೆ ಹೋಗುವಷ್ಟಾದಳು. ಒಂದು ದಿನ ಬಂದು ಕೇಳಿದಳು.

"ಅಪ್ಪಾ, ಅವ್ವನ ದನಿ ಹೆಂಗಿತ್ತು? ಮಾಮಾ ಹೇಳ್ದ, ಕ್ಯಾಸೆಟ್ಟಿನ್ಯಾಗ ಐತಂತ. ನನಗ ಕೇಳಸು."

"ಗದ್ದಲ ಭಾಳ ಐತಿ ಮಗಳ. ಗದ್ದಲ ತಗದು ಕೇಳಸ್ತೀನಿ, ತಡಿ."

ಮಗಳು ತಡೆದಳು. ಅಪ್ಪ ಹೇಳಿದ ಮೇಲೆ ಆಗಿಯೇ ಆಗುತ್ತದೆ ಎಂದು ನಂಬಿದ್ದಳು. ಶಾಲೆ ಮುಗಿಯಿತು. ಕಾಲೇಜಿಗೆಂದು ಮನೆಗೆ ಒಂದು ಕಂಪ್ಯೂಟರ್ ಬಂತು. ಅದರಲ್ಲಿ ಪ್ರೋಗ್ರಾಂ ಬರೆದರೆ ಧ್ವನಿಯೊಳಗಿನ ಗದ್ದಲವನ್ನು ತೆಗೆಯಬಹುದು ಎಂದು ಗಿರಣಿಯವನಿಗೆ ಯಾರೋ ಹೇಳಿದರು. ಆ ವಿದ್ಯೆಯನ್ನು ಪ್ರೋಗ್ರಾಂಗಳ ಮೂಲಕವೇ ಕಲಿಸುವ ಪುಸ್ತಕವೊಂದನ್ನು ಅವನು ತರಿಸಿದ. ಕ್ಯಾಸೆಟ್ಟನ್ನು ಪಟ್ಟಣದ ಅಂಗಡಿಯೊಂದಕ್ಕೆ ಒಯ್ದು ಕಂಪ್ಯೂಟರಿನ ಫೈಲ್ ಮಾಡಿಸಿಕೊಂಡು ಬಂದ. ಅಂಗಡಿಯವನು ಅದನ್ನು ಓಡಿಸುವಷ್ಟು ಹೊತ್ತೂ ಇವನು ಹೊರಗೆ ರಸ್ತೆಯಲ್ಲಿ ನಿಂತಿದ್ದ.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವನು ಓದಿದ. ಇಂಗ್ಲಿಷು ತೊಡಕಾಗುತ್ತಿತ್ತು. ಲೆಕ್ಕ ಮರೆತುಹೋಗಿತ್ತು. ಎರಡನ್ನೂ ಮತ್ತೆ ಕಲಿತ. ಒಂದು ಮಾತು ಮಾತ್ರ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಫಿಲ್ಟರ್ ಎಂದರೆ ಜರಡಿ. ಹುಟ್ಟಿದಾಗಿನಿಂದ ಜರಡಿ ಕಂಡವನು ಅವನು.

ನಮ್ಮ ಈ ಪುಸ್ತಕಗಳ ಸ್ವಭಾವ ನಿನಗೆ ಗೊತ್ತೇ ಇದೆ. ಮೊದಲು ಒಂದು ಶುದ್ಧವಾದ ಅಲೆಯನ್ನು ನೀನೇ ಹುಟ್ಟಿಸು ಎನ್ನುತ್ತವೆ. ಅದಕ್ಕೆ ಗದ್ದಲವನ್ನು ನೀನೇ ಬೆರೆಸು ಎನ್ನುತ್ತವೆ. ಆಮೇಲೆ ಆ ಗದ್ದಲವನ್ನು ತೆಗೆ, ಮೊದಲಿನ ಗ್ರಾಫ್ ಪಕ್ಕ ಈಗಿನದನ್ನು ಇಟ್ಟು ನೋಡು ಎನ್ನುತ್ತವೆ. ಬೆರೆಸಿದವನೂ ತಾನೇ, ಸೋಸುವವನೂ ತಾನೇ. ಇದರಲ್ಲಿ ಸೋಲುವುದಕ್ಕೆ ವಿಶೇಷ ಪ್ರತಿಭೆ ಬೇಕು. ಗಿರಣಿಯವನು ಒಮ್ಮೆಯೂ ಸೋಲಲಿಲ್ಲ. ಒಂದೊಂದು ಅಭ್ಯಾಸ ಸರಿಬಂದಾಗಲೂ ಹೆಂಡತಿಗೆ ಒಂದು ಹೆಜ್ಜೆ ಹತ್ತಿರ ಬಂದೆ ಎಂದುಕೊಂಡ. ಆ ಸಂತೋಷ ಸುಳ್ಳಲ್ಲ. ಅವಳಿಗಾಗಿ ಮಾಡಬಹುದಾದ ಕೆಲಸವೊಂದು ಇನ್ನೂ ಉಳಿದಿದೆ ಎಂಬುದರ ಮೇಲೆಯೇ ಅವನು ಬದುಕಿದ್ದ. ಅದು ಮುಗಿದುಹೋದರೆ ಏನು ಗತಿ ಎಂಬ ಭಯವೂ ಒಳಗೆಲ್ಲೋ ಇತ್ತೆಂದು ಕಾಣುತ್ತದೆ. ಒಂದು ಪುಸ್ತಕ ಮುಗಿದ ಕೂಡಲೇ ಇನ್ನೊಂದು ತರಿಸುತ್ತಿದ್ದ.

ಕೊನೆಗೆ ಹೆಂಡತಿಯ ಹಾಡಿನ ಗ್ರಾಫ್ ತೆಗೆದ, ದಪ್ಪ ಸದ್ದು ಕೆಳಗೆ, ಕೀಚಲು ಸದ್ದು ಮೇಲೆ ಕಾಣುವಂಥದ್ದು. ತಳದಲ್ಲಿ ಹಳಿಗಳ ಹಾಗೆ ಕೆಲವು ಗೆರೆಗಳು ಉದ್ದಕ್ಕೂ ಮಲಗಿದ್ದವು. ನೋಡಿದೊಡನೆ ಗುರುತು ಸಿಕ್ಕಿತು. ಅದು ಮೋಟಾರು. ಒಂದೊಂದು ಗೆರೆಗೂ ಒಂದೊಂದು ಫಿಲ್ಟರ್ ಬರೆದು ಅವನ್ನೆಲ್ಲ ತೆಗೆದ. ಉಳಿದದ್ದು ಕಲ್ಲಿನ ಸದ್ದು. ಅದು ಒಂದು ಕಡೆ ನಿಲ್ಲುವಂಥದ್ದಲ್ಲ, ಹಿಟ್ಟಿನ ಧೂಳಿನ ಹಾಗೆ ಎಲ್ಲ ಕಡೆ ಹರಡಿಕೊಂಡಿತ್ತು.

ಅದಕ್ಕೂ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು. ಹಾಡುವವರು ಸುಮ್ಮನಿರುವ ಒಂದು ತುಣುಕನ್ನು ಹುಡುಕು, ಅಲ್ಲಿರುವುದು ಬರೀ ಗದ್ದಲ, ಅದನ್ನೇ ಮಾದರಿಯಾಗಿ ಹಿಡಿದು ಅಂಥದ್ದನ್ನೆಲ್ಲ ಇಡೀ ಧ್ವನಿಯಿಂದ ಕಳೆ ಎಂದಿತ್ತು. ಗಿರಣಿಯವನು ಗ್ರಾಫಿನಲ್ಲಿ ಹುಡುಕಿದ. ಹೆಂಡತಿ ಒಂದು ಸಾಲು ಹಾಡಿ ಇನ್ನೊಂದು ಸಾಲು ಎತ್ತಿಕೊಳ್ಳುವ ನಡುವೆ ಅಂಥ ಜಾಗ ಸಿಕ್ಕಿತು. ಅಲ್ಲಿ ಮೇಲುಭಾಗದಲ್ಲಿ ಕೆಲವು ಗೆರೆಗಳು ಕಂಡವು. ಮೋಟಾರಿನ ಬೆಲ್ಟು ಸಡಿಲವಾಗಿ ಕಿರುಗುಟ್ಟಿದ್ದು ಎಂದುಕೊಂಡ. ಅಲ್ಲಲ್ಲಿ ಸಣ್ಣ ಚುಕ್ಕೆಗಳು ಕಂಡವು. ತಗಡಿನ ಮೇಲೆ ಕಾಳು ಸಿಡಿದದ್ದು ಎಂದುಕೊಂಡ. ಗಿರಣಿಯವನಿಗೆ ಗಿರಣಿಯಲ್ಲದೆ ಬೇರೇನು ಕಾಣಬೇಕು? ಆ ತುಣುಕನ್ನು ಒಮ್ಮೆ ಕಿವಿಯಿಂದ ಕೇಳಿ ಆರಿಸು ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಅಷ್ಟನ್ನೂ ಬರೆಯಬೇಕಾಗುತ್ತದೆ ಎಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಮಾದರಿ ಹಿಡಿದ. ಇಡೀ ಹಾಡಿನಿಂದ ಕಳೆದ. ಗ್ರಾಫ್ ಪುಸ್ತಕದಲ್ಲಿದ್ದ ಹಾಗೆಯೇ ಶುಭ್ರವಾಗಿ ಬಂತು.

ಅಷ್ಟು ಹೊತ್ತಿಗೆ ಮಗಳ ಮದುವೆಯಾಗಿತ್ತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಂದವಳಿಗೆ ಎಣ್ಣೆನೀರು ಹಾಕಲು ತಾಯಿಯಿಲ್ಲ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಒಂದೇ ಒಂದು ಮಾತು ಕೇಳಿದಳು. ಹುಟ್ಟುವ ಕೂಸಿಗೆ ಅವ್ವನ ಹಾಡು ಹಾಡಬೇಕು, ನನಗೆ ಅದು ಬರುವುದಿಲ್ಲ, ಈಗಲಾದರೂ ಕೇಳಿಸು ಎಂದಳು.

ಮುಗಿದಿದೆ ಬಾ ಎಂದು ಅವನು ಕೂರಿಸಿದ. ತಾನೂ ಪಕ್ಕದಲ್ಲಿ ಕೂತ. ಇಷ್ಟು ವರ್ಷ ಕಣ್ಣಿನಿಂದ ನೋಡಿದ್ದನ್ನು ಅವತ್ತು ಮೊದಲ ಬಾರಿ ಕಿವಿಯಿಂದ ಕೇಳುವವನಿದ್ದ. ಫೈಲ್ ಹಾಕಿದ.

ಮೋಟಾರಿರಲಿಲ್ಲ. ಕಲ್ಲಿರಲಿಲ್ಲ. ಅವಳ ದನಿ ಒಂದೇ ಬಂತು. ತುಸು ತೆಳ್ಳಗಿತ್ತು, ನೀರಿನೊಳಗಿಂದ ಬಂದ ಹಾಗಿತ್ತು. ಆದರೆ ಮಾತುಗಳೆಲ್ಲ ಸ್ಪಷ್ಟವಾಗಿದ್ದವು. ಒಂದು ಸಾಲು ಹಾಡುತ್ತಿದ್ದಳು, ನಿಲ್ಲಿಸುತ್ತಿದ್ದಳು, ಮತ್ತೆ ಹಾಡುತ್ತಿದ್ದಳು. ಗಿರಣಿಯವನು ಕಣ್ಣು ಒರೆಸಿಕೊಂಡ. ಮಗಳು ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ಹಾಡು ಮುಗಿದ ಮೇಲೆ ಕೇಳಿದಳು.

"ಅವ್ವ ಸಾಲಿಗೊಮ್ಮೆ ಯಾಕ ನಿಂದರ್ತಾಳ?"

"ಉಸರು ತಗೋಳಾಕ ಇರಬೇಕು."

"ಅಷ್ಟೊತ್ತು ಯಾರರ ಉಸರು ತಗೋತಾರನಪ್ಪಾ? ನೀ ಕೈ ಹಚ್ಚೋಕಿಂತ ಮೊದಲು ಇದ್ದದ್ದನ್ನ ಹಾಕು."

ಅವನಿಗೆ ಮನಸ್ಸಿರಲಿಲ್ಲ. ಆದರೂ ಹಾಕಿದ. ಗಿರಣಿ ಭರ್ರೆಂದು ಎದ್ದಿತು. ಅದರ ಮೇಲೆ ದನಿಯೆತ್ತಿ ಅವಳು ಹಾಡಿದಳು. ಒಂದು ಸಾಲು ಮುಗಿಯಿತು. ಆಗ ಆ ಅಬ್ಬರದ ನಡುವೆ ಒಂದು ಕೂಸು ಅತ್ತಿತು. ಹಾಡು ನಿಂತಿತು. ಬಳೆಗಳ ಸದ್ದು ಕೇಳಿತು, ಮೆಲ್ಲಗೆ ತಟ್ಟುವ ಕೈಯ ಬಳೆಗಳ ಸದ್ದು. ಕೂಸು ಸುಮ್ಮನಾಯಿತು. ಹಾಡು ಮುಂದುವರಿಯಿತು. ಸಾಲಿನ ಕೊನೆಗೆ ಕೂಸು ಮತ್ತೆ ಅತ್ತಿತು. ಮತ್ತೆ ಬಳೆ ಸದ್ದಾಯಿತು. ಹಾಡಿನ ಉದ್ದಕ್ಕೂ ಹೀಗೆಯೇ ಇತ್ತು.

"ಯಾರ ಕೂಸಪ್ಪಾ ಅದು?" ಎಂದಳು ಮಗಳು.

ಗಿರಣಿಯವನು ಮಗಳ ಕಡೆ ತಿರುಗಿದ. "ನೀನ ಮಗಳ" ಎಂದ.

ಮಗಳು ಅತ್ತಳು. ಅವನೂ ಅತ್ತ. ಅವಳು ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು. ಗಿರಣಿಯ ಗದ್ದಲ ತುಂಬಿದ ಆ ಹಾಡನ್ನೇ ಕಲಿತಳು. ಎಲ್ಲೆಲ್ಲಿ ತಾಯಿ ನಿಲ್ಲಿಸಿದ್ದಳೋ ಅಲ್ಲಲ್ಲಿ ತಾನೂ ನಿಲ್ಲಿಸಿ ಕಲಿತಳು.

ತಾಯಿಯ ತೊಡೆಯ ಮೇಲಿದ್ದ ಮಗಳನ್ನು ಅವನು ಬೆಲ್ಟಿನ ಸದ್ದೆಂದು ತೆಗೆದುಹಾಕಿದ್ದ. ಆ ತಪ್ಪಿಗೆ ಒಂದು ಗಳಿಗೆಯಲ್ಲಿ ಪರಿಹಾರ ಸಿಕ್ಕಿತು, ಮೂಲದ ಫೈಲ್ ಹಾಗೆಯೇ ಇತ್ತಲ್ಲ. ಪರಿಹಾರವಿಲ್ಲದ್ದು ಇನ್ನೊಂದು. ಅವ್ವ ನನ್ನನ್ನು ಎತ್ತಿಕೊಂಡಿದ್ದಳೋ ಇಲ್ಲವೋ ಎಂದು ಒಂದು ಪುಟ್ಟ ಹುಡುಗಿ ಎಷ್ಟೋ ವರ್ಷ ರಾತ್ರಿ ಯೋಚಿಸುತ್ತಾ ಮಲಗುತ್ತಿದ್ದಳು. ಉತ್ತರ ಅದೇ ಮನೆಯ ಟ್ರಂಕಿನಲ್ಲಿತ್ತು. ಶಾಲೆಗೆ ಹೋಗುವ ಹುಡುಗಿಗೆ ಸಿಗಬೇಕಾದದ್ದು ತುಂಬಿದ ಬಸುರಿಗೆ ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ತೊಡೆಯ ಮೇಲಿನ ಪುಸ್ತಕ ತೆರೆದ. "ಆದರೆ ಗುರುಗಳೇ, ವಿಧಾನ ತಪ್ಪಲ್ಲ. ಅವನು ಮಾದರಿ ಆರಿಸಿದ್ದು ತಪ್ಪು. ಇನ್ನೂ ಚಿಕ್ಕ ತುಣುಕು ಹಿಡಿದಿದ್ದರೆ, ಅಥವಾ ಬೇರೆ ಬೇರೆ ಕಡೆಯಿಂದ ಹಿಡಿದಿದ್ದರೆ ಕೂಸಿನ ದನಿ ಉಳಿಯುತ್ತಿತ್ತು. ಈ ಪುಸ್ತಕದ ಕೊನೆಯ ಭಾಗದಲ್ಲಿ ಅದೇ ಬರುತ್ತದೆ. ಅದಕ್ಕೇ ನಾನು ಮೊದಲು ಇದನ್ನು ಮುಗಿಸಿ..."

"ನೀನು ಹೇಳಿದ್ದು ನೂರಕ್ಕೆ ನೂರು ಸರಿ" ಎಂದರು ಗುರುಗಳು. ಅವರ ಮುಖದಲ್ಲಿ ಈಗ ನಗುವಿರಲಿಲ್ಲ. ಕೈ ಚಾಚಿ ಶಿಷ್ಯನ ತೊಡೆಯ ಮೇಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ಇದು ಮುಗಿಯಲಿ ಎಂದು ನೀನು ಕೇಳದೆ ಇಟ್ಟುಕೊಂಡಿರುವುದು ಯಾರ ದನಿ, ಶಂಭುಲಿಂಗಾ?"