ದಿಡ್ಡಿ ಬಾಗಿಲು ತೆರೆದವನು

"ಗುರುಗಳೇ, ಒಂದು ಸಾಮ್ರಾಜ್ಯವನ್ನೇ ಕಳೆದವನ ಕಾಲಿಗೆ ಜನ ಹೂವು ಇಡುವುದುಂಟೇ?"

ಕೇಳಿದ ಶಿಷ್ಯ ಹಳೆಯ ರಾಜಧಾನಿಯನ್ನು ನೋಡಿಕೊಂಡು ಆಗಷ್ಟೇ ಮರಳಿದ್ದ. ಅಲ್ಲಿ ಕೋಟೆಯ ಗೋಡೆಯಲ್ಲಿ ಹನ್ನೆರಡು ಕಲ್ಲಿನ ಚಪ್ಪಡಿಗಳಿದ್ದವು. ಆ ಪುರಾತನ ಸಾಮ್ರಾಜ್ಯ ಬಿದ್ದ ಬಗೆಯನ್ನು ಅವುಗಳ ಮೇಲೆ ಕೆತ್ತಿದ್ದರು.

"ಹನ್ನೊಂದರಲ್ಲಿ ಯುದ್ಧವಿದೆ," ಎಂದ ಶಿಷ್ಯ. "ಹನ್ನೆರಡನೆಯದರಲ್ಲಿ ಒಬ್ಬ ಕಾವಲುಗಾರ ಬಾಗಿಲು ತೆರೆಯುತ್ತಿದ್ದಾನೆ. ಅವನು ತೆರೆದದ್ದರಿಂದಲೇ ಕೋಟೆ ಹೋಯಿತಂತೆ. ಚಕ್ರವರ್ತಿಯ ಮುಂದೆ ಒಂದು ಎಸಳೂ ಇಲ್ಲ, ಇವನ ಕಾಲ ಬಳಿ ರಾಶಿ ಹೂವು. ನೋಡಿ ನನಗೆ ಮೈ ಉರಿದುಹೋಯಿತು."

"ಆನೆಗಳನ್ನು ಎಣಿಸಿದೆಯಾ?" ಎಂದರು ಗುರುಗಳು.

"ನಲವತ್ತೆರಡು."

"ಕೊನೆಯ ಕಲ್ಲಿನಲ್ಲಿರುವ ಜನರನ್ನು?"

ಶಿಷ್ಯ ತಲೆ ಕೆರೆದುಕೊಂಡ.

"ಎಣಿಸಿರುವುದಿಲ್ಲ ಬಿಡು. ಆನೆ ಇರುವಲ್ಲಿ ಮನುಷ್ಯರು ಯಾರ ಕಣ್ಣಿಗೂ ಬೀಳುವುದಿಲ್ಲ. ಕುಳಿತುಕೋ," ಎಂದು ಗುರುಗಳು ಕತೆ ಹೇಳತೊಡಗಿದರು.

ಆ ಸಾಮ್ರಾಜ್ಯ ಮುನ್ನೂರು ವರ್ಷ ನಿಂತಿತ್ತು. ಒಂದು ಮಧ್ಯಾಹ್ನ ಬಿತ್ತು. ಗೆದ್ದ ಅರಸ ಆ ಊರಿನಲ್ಲೇ ಪಟ್ಟಕ್ಕೆ ಕುಳಿತ. ಅವನೇನೂ ಕೆಟ್ಟವನಲ್ಲ. ಆದರೆ ಗೆದ್ದವರಿಗೆಲ್ಲ ಇರುವ ಚಪಲ ಅವನಿಗೂ ಇತ್ತು. ತನ್ನ ಗೆಲುವು ಕಲ್ಲಿನಲ್ಲಿ ಉಳಿಯಬೇಕೆಂದು ಆ ಊರಿನ ಒಬ್ಬ ಮುದಿ ಶಿಲ್ಪಿಯನ್ನು ಕರೆಸಿದ. ಕೋಟೆ ಬಿದ್ದಾಗ ಅಲ್ಲೇ ಇದ್ದು ಕಣ್ಣಾರೆ ಕಂಡವನು ಆ ಶಿಲ್ಪಿ.

"ಕಂಡದ್ದನ್ನು ಕಂಡ ಹಾಗೆ ಕೆತ್ತು," ಎಂದ ಅರಸ. "ಕೊನೆಯ ಕಲ್ಲಿನಲ್ಲಿ ಮಾತ್ರ ನನ್ನ ಆನೆಗಳು ಬಾಗಿಲು ಒಡೆಯುತ್ತಿರಲಿ."

ಶಿಲ್ಪಿ ತಲೆಬಾಗಿ ಬಂದು ಕೆಲಸ ಹಿಡಿದ. ದಾಳಿಯನ್ನು ಕೆತ್ತಿದ, ಉರಿಯುವ ಮಾಳಿಗೆಗಳನ್ನು ಕೆತ್ತಿದ, ಚಕ್ರವರ್ತಿಯ ಆನೆ ಮಂಡಿಯೂರಿದ್ದನ್ನು ಕೆತ್ತಿದ. ತನ್ನ ಊರು ಬಿದ್ದದ್ದನ್ನು ತನ್ನ ಕೈಯಿಂದಲೇ ಕೆತ್ತುವುದು ಸುಲಭದ ಮಾತಲ್ಲ. ಎಷ್ಟೋ ಸಲ ಉಳಿ ಕೆಳಗಿಟ್ಟು ಅತ್ತ. ಹನ್ನೊಂದು ಕಲ್ಲುಗಳು ಮುಗಿಯುವ ಹೊತ್ತಿಗೆ ಊರು ಬಿದ್ದು ಎಂಟು ವರ್ಷ ಕಳೆದಿತ್ತು.

ಆಗ ಒಬ್ಬ ಹೆಂಗಸು ಅವನ ಚಪ್ಪರಕ್ಕೆ ಬಂದಳು. ಕೋಟೆಯ ದೊಡ್ಡ ಬಾಗಿಲಿನ ಪಕ್ಕದಲ್ಲಿ ಜನ ಓಡಾಡಲು ಒಂದು ಸಣ್ಣ ದಿಡ್ಡಿ ಬಾಗಿಲಿತ್ತು. ಅದನ್ನು ಕಾಯುತ್ತಿದ್ದವನ ಹೆಂಡತಿ ಅವಳು. ಗಂಡ ಆ ದಿನವೇ ಸತ್ತಿದ್ದ. ಅವನು ಶತ್ರುವಿಗೆ ತನ್ನನ್ನು ಮಾರಿಕೊಂಡು ಬಾಗಿಲು ತೆರೆದ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಅಂದಿನಿಂದ ಅವಳ ಒಲೆಗೆ ಒಂದು ಕೆಂಡ ಕೊಡುವವರಿರಲಿಲ್ಲ. ಎದುರಿಗೆ ಬಂದರೆ ಜನ ಮುಖ ತಿರುಗಿಸುತ್ತಿದ್ದರು. ಅವಳ ಮಗಳನ್ನು ಕೇಳಿಕೊಂಡು ಯಾವ ಮನೆಯಿಂದಲೂ ಯಾರೂ ಬಂದಿರಲಿಲ್ಲ.

"ಆಚಾರ್ರೇ, ಕೊನೇ ಕಲ್ಲಲ್ಲಿ ಆನೆ ಬಾಗಿಲು ಒಡೆಯುತ್ತಂತೆ, ಹೌದಾ?" ಎಂದಳು.

"ಹೌದಮ್ಮ, ಅರಸರ ಅಪ್ಪಣೆ. ನಿನಗೂ ಒಳ್ಳೇದೇ ಆಯ್ತಲ್ಲ. ಆನೆ ಒಡೀತು ಅಂದ್ರೆ, ನಿನ್ನ ಗಂಡ ತೆಗೆದ ಅನ್ನೋ ಮಾತೇ ಹೋಗುತ್ತೆ."

ಅವಳು ಇನ್ನೂ ಕೆತ್ತದ ಆ ಹನ್ನೆರಡನೆಯ ಕಲ್ಲಿನ ಮೇಲೆ ಕೈಯಿಟ್ಟಳು.

"ನಮ್ಮೋರು ಬಾಗಿಲು ತೆಗೆದದ್ದು ನಿಜ. ತೆಗೀಲಿಲ್ಲ ಅಂತ ಕೆತ್ತಬೇಡಿ. ಯಾರಿಗೋಸ್ಕರ ತೆಗೆದ್ರು ಅಂತ ಕೆತ್ತಿ. ಅವತ್ತು ಬೆಳಿಗ್ಗೆ ಅವರಿಗೆ ಗಂಜಿ ಕೊಡೋಕೆ ಬಂದಾಗ ನಿಮ್ಮನ್ನ ಕೊತ್ತಳದ ಮೇಲೆ ನೋಡಿದ್ದೆ. ನಿಮಗೆ ಗೊತ್ತಿರುತ್ತೆ."

ಇಷ್ಟು ಹೇಳಿ ಹೊರಟುಹೋದಳು. ಶಿಲ್ಪಿಗೆ ಗೊತ್ತಿತ್ತು.

ಆ ದಿನ ಅವನು ದಿಡ್ಡಿ ಬಾಗಿಲಿನ ಪಕ್ಕದ ಕೊತ್ತಳದ ಮೇಲೆ ಸಡಿಲವಾದ ಕಲ್ಲುಗಳನ್ನು ಕೂರಿಸುತ್ತಿದ್ದ. ಉಳಿಗಳು ಮೊಂಡಾಗಿದ್ದವು. ಅವುಗಳನ್ನು ಹರಿತ ಮಾಡಿಸಿಕೊಂಡು ಬಾ ಎಂದು ಹನ್ನೆರಡು ವರ್ಷದ ಮಗಳನ್ನು ಕೋಟೆಯ ಹೊರಗಿನ ಕಮ್ಮಾರನ ಕುಲುಮೆಗೆ ಕಳಿಸಿದ್ದ. ಶತ್ರು ಇನ್ನೂ ಎರಡು ದಿನದ ದಾರಿಯಲ್ಲಿದ್ದಾನೆ ಎಂದು ಎಲ್ಲರೂ ನಂಬಿದ್ದ ಹೊತ್ತು ಅದು. ಮಧ್ಯಾಹ್ನ ಇದ್ದಕ್ಕಿದ್ದಂತೆ ದೂಳು ಎದ್ದಿತು. ಕಹಳೆ ಊದಿದರು. ಕಹಳೆ ಊದಿ ಬಾಗಿಲು ಹಾಕಿದ ಮೇಲೆ ಚಕ್ರವರ್ತಿಯ ತಾಯಿ ಬಂದರೂ ತೆರೆಯಕೂಡದು ಎಂಬುದು ಆ ಕೋಟೆಯ ಕಟ್ಟಳೆ.

ಹೊರಕೇರಿಯ ಜನ ಓಡಿ ಬಂದು ದಿಡ್ಡಿ ಬಾಗಿಲು ಬಡಿದರು. ಕುಂಬಾರರು, ಅಗಸರು, ಬಾಣಂತಿಯರು, ಮುದುಕರು ಎಲ್ಲ ಸೇರಿ ಇನ್ನೂರು ಜನ. ಅವರ ನಡುವೆ ಉಳಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಶಿಲ್ಪಿಯ ಮಗಳು ಸೋವಿ ನಿಂತಿದ್ದಳು. ಕಾವಲುಗಾರ ಒಳಗೆ ಅಗುಳಿಯ ಮೇಲೆ ಕೈಯಿಟ್ಟು ನಿಂತಿದ್ದ. ತೆರೆಯಲೂ ಆರ, ಕೈ ತೆಗೆಯಲೂ ಆರ.

ಆಗ ಮೇಲಿನಿಂದ ಶಿಲ್ಪಿ ಕೂಗಿದ: "ತೆಗೆಯಪ್ಪಾ! ನನ್ನ ಮಗಳಿದ್ದಾಳೆ, ತೆಗೆ!"

ಕಾವಲುಗಾರ ತಲೆಯೆತ್ತಿ ಅವನನ್ನು ನೋಡಿದ. ಬಾಗಿಲು ತೆರೆದ. ಜನ ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಕೊನೆಯವರು ಬಂದ ಮೇಲೆ ಅವನು ಭುಜ ಕೊಟ್ಟು ಬಾಗಿಲು ಮುಚ್ಚಲು ಹೆಣಗಿದ. ಅಷ್ಟರಲ್ಲಿ ಕುದುರೆಗಳು ಬಂದಿದ್ದವು. ಸಂದಿನಲ್ಲಿ ತೂರಿ ಬಂದ ಈಟಿ ಅವನನ್ನು ಅಲ್ಲೇ ಕೆಡವಿತು. ಒಳಗೆ ನುಗ್ಗಿದವರು ದೊಡ್ಡ ಬಾಗಿಲನ್ನೂ ತೆಗೆದರು. ಉಳಿದದ್ದೆಲ್ಲ ಆ ಹನ್ನೊಂದು ಕಲ್ಲುಗಳಲ್ಲಿದೆ.

ಇದನ್ನು ಶಿಲ್ಪಿ ಎಂಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ನಿನ್ನ ಮಗಳಿಗಾಗಿ ನಮ್ಮ ಸಾಮ್ರಾಜ್ಯ ಹೋಯಿತೇ ಎಂದು ಊರು ಕೇಳುತ್ತಿತ್ತು. ಸತ್ತವನ ಮೇಲೆ ಮಾತು ಬಂದಾಗ ಬಾಯಿ ಮುಚ್ಚಿಕೊಂಡಿದ್ದ. ಅವನನ್ನು ಹೇಡಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಮಗಳನ್ನು ಕಾಪಾಡಿಕೊಂಡ ತಂದೆ ಅವನು. ಆದರೆ ಅವನ ಮೌನದ ಕಷ್ಟವನ್ನು ಉಂಡವಳು ಬೇರೊಬ್ಬಳು.

ನಿಜವನ್ನು ಕೆತ್ತಲು ಅವನಿಗೆ ಇನ್ನೊಂದು ಅಡ್ಡಿಯಿತ್ತು. ಬದುಕಿರುವವರ ಮುಖವನ್ನು ಕಲ್ಲಿಗಿಳಿಸಿದರೆ ಅವರ ಆಯುಸ್ಸು ತೀರುತ್ತದೆ ಎಂದು ಅವನ ಕುಲದವರು ನಂಬಿದ್ದರು. ಮುಖವಿಲ್ಲದ ಗುಂಪನ್ನು ಕೆತ್ತಿದರೆ ಊರು ನಂಬುವುದಿಲ್ಲ. ಮಗಳ ಮುಖ ಕೆತ್ತಲು ಕೈ ಬಾರದು. ಸೋವಿಗೆ ಆಗ ಮದುವೆಯಾಗಿ ಕಂಕುಳಲ್ಲಿ ಕೂಸಿತ್ತು. ಅವಳನ್ನು ಕರೆದು ಎಲ್ಲವನ್ನೂ ಹೇಳಿದ.

ಅವಳು ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ಅವತ್ತೇ ತೀರಬೇಕಾಗಿದ್ದ ಆಯುಸ್ಸಲ್ವಾ ಅಪ್ಪ? ಕೆತ್ತು," ಎಂದಳು.

ಶಿಲ್ಪಿ ಕೆತ್ತಿದ. ಬಾಗಿಲು ತೆರೆಯುತ್ತಿರುವ ಕಾವಲುಗಾರನನ್ನು ಕೆತ್ತಿದ. ಮಡಿಲು ಬಿಗಿಹಿಡಿದ ಸೋವಿಯನ್ನು, ಕೊತ್ತಳದ ಮೇಲೆ ಕೈಯೆತ್ತಿ ಕೂಗುತ್ತಿರುವ ತನ್ನನ್ನು, ಊರಿಗೆಲ್ಲ ಗುರುತು ಹತ್ತುವಂತೆ ಕೆತ್ತಿದ. ಉಳಿದವರ ಮೈ, ಬಟ್ಟೆ, ತಲೆಯ ಮೇಲಿನ ಹೊರೆಗಳನ್ನಷ್ಟೇ ಬಿಡಿಸಿ ಮುಖಗಳನ್ನು ಖಾಲಿ ಬಿಟ್ಟ.

ಪರದೆ ಸರಿಸಿದ ದಿನ ಊರೆಲ್ಲ ಸೇರಿತ್ತು. ಅರಸ ಕಲ್ಲನ್ನು ನೋಡಿ ಹುಬ್ಬು ಗಂಟಿಕ್ಕಿದ.

"ನನ್ನ ಆನೆಗಳೆಲ್ಲಿ?"

"ಅವು ಬರುವ ಹೊತ್ತಿಗೆ ಬಾಗಿಲು ತೆರೆದಿತ್ತು, ಪ್ರಭು. ತೆಗೆ ಎಂದು ಕೂಗಿದವನು ನಾನು," ಎಂದ ಶಿಲ್ಪಿ. ಜೀವದ ಆಸೆಯನ್ನು ಅವನು ಬಿಟ್ಟೇ ಬಂದಿದ್ದ.

ಜನ ಗುಜುಗುಜು ಮಾತಾಡತೊಡಗಿದರು. ಆಗ ಒಬ್ಬ ಕುಂಬಾರಗಿತ್ತಿ ಗುಂಪನ್ನು ಸೀಳಿಕೊಂಡು ಮುಂದೆ ಬಂದು, ಕಲ್ಲಿನಲ್ಲಿದ್ದ ಒಂದು ಆಕೃತಿಯನ್ನು ಮುಟ್ಟಿದಳು.

"ಈ ಮುಖ ಯಾಕೆ ಖಾಲಿ ಬಿಟ್ಟಿದ್ದೀರಿ ಆಚಾರ್ರೇ? ಈ ಗಡಿಗೆ ನಂದು. ನಾನೂ ಇದೇ ಬಾಗಿಲಲ್ಲಿ ಬಂದೋಳು."

ಅವಳ ಹಿಂದೆ ಒಬ್ಬ ಅಗಸ ಬಂದ. ಆಮೇಲೆ ಕಣ್ಣು ಕಾಣದ ಮುದುಕನೊಬ್ಬನನ್ನು ಅವನ ಸೊಸೆ ಕೈಹಿಡಿದು ತಂದಳು. ಒಬ್ಬೊಬ್ಬರಾಗಿ ಬರುತ್ತಲೇ ಹೋದರು. ಎಂಟು ವರ್ಷ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಅದೇ ಊರಿನಲ್ಲಿ ಬದುಕಿದ್ದರು. ಕಾವಲುಗಾರನ ಹೆಂಡತಿಗೆ ಕೆಂಡ ಕೊಟ್ಟರೆ, ನೀನೂ ಆ ಬಾಗಿಲಿನಿಂದ ಬಂದವಳೇ ಎಂದು ಯಾರಾದರೂ ಕೇಳಿಯಾರು ಎಂದು ಹೆದರಿ, ಎಲ್ಲರಿಗಿಂತ ಮೊದಲು ಕದ ಹಾಕಿಕೊಳ್ಳುತ್ತಿದ್ದವರು ಅವರೇ.

ಅರಸ ಆ ಸಾಲನ್ನು ನೋಡಿದ. ಯುದ್ಧ ಕಂಡ ಮನುಷ್ಯ, ಅವನಿಗೂ ಏನೋ ಅನ್ನಿಸಿರಬೇಕು. "ಮುಖಗಳನ್ನು ಮುಗಿಸು," ಎಂದಷ್ಟೇ ಹೇಳಿ ಹೋದ. ಮುಗಿಸಲು ಮತ್ತೊಂದು ವರ್ಷ ಹಿಡಿಯಿತು.

ಪರದೆ ಸರಿಸಿದ ದಿನವೇ ಸಂಜೆ ಕುಂಬಾರಗಿತ್ತಿ ಓಡಿನ ಚೂರಿನಲ್ಲಿ ಕೆಂಡ ಹಿಡಿದು ಕಾವಲುಗಾರನ ಮನೆಗೆ ಹೋದಳು. ನಾಚಿಕೆಯಿಂದ ಅವಳಿಗೆ ಬಾಗಿಲು ತಟ್ಟಲೂ ಆಗಲಿಲ್ಲ. ಕಾವಲುಗಾರನ ಹೆಂಡತಿಯೇ ಹೊರಗೆ ಬಂದು ಕೆಂಡ ಇಸಿದುಕೊಂಡಳು. ಅವಳ ಕಣ್ಣು ತುಂಬಿತ್ತು. ಬಯ್ಯಲು ಎಂಟು ವರ್ಷದ ಮಾತಿತ್ತು, ಒಂದನ್ನೂ ಆಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಸಿಟ್ಟು ಇಳಿದಿತ್ತು, ಸಂಶಯ ಇಳಿದಿರಲಿಲ್ಲ.

"ಆದರೂ ಗುರುಗಳೇ, ಇನ್ನೂರು ಜನರಿಗಾಗಿ ಮುನ್ನೂರು ವರ್ಷದ ಸಾಮ್ರಾಜ್ಯ ಹೋಯಿತಲ್ಲ. ಆ ಕಾವಲುಗಾರ ಮಾಡಿದ್ದು ಸರಿಯೇ?"

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ಇದನ್ನು ಆ ಬಾಗಿಲಿನ ಯಾವ ಕಡೆ ನಿಂತು ಕೇಳುತ್ತಿದ್ದೀಯೆ?"